ಅಳಿಸಬೇಕಾಗಿದ್ದ ಪ್ಯಾರಾ

“ಈ ಪ್ಯಾರಾ ಹೊಡೆದುಹಾಕ್ಬಿಡಿ ಮೇಡಂ,” ಇಲಾಖೆಯ ಅಧಿಕಾರಿ ಬದರೀನಾರಾಯಣ ಮೈತ್ರೇಯಿಯ ಕಿವಿಯ ಬಳಿ ಬಾಗಿ ಹೇಳಿದರು. “ಇದು ಮೇಲೆ ಹೋದ್ರೆ ಯೋಜನೆ ಸೋತಿದೆ ಅಂತಾರೆ, ಮುಂದಿನ ವರ್ಷ ಭತ್ಯೆ ಇಲ್ಲ. ಈ ಹುಡುಗರ ಅನ್ನಕ್ಕೆ ನೀವೇ ಕಲ್ಲು ಹಾಕಿದ ಹಾಗಾಗುತ್ತೆ.”

ಚಾಮರಾಜಪೇಟೆಯ ಶಾಲೆಯೊಂದರ ಸಭಾಂಗಣ. ನಿರುದ್ಯೋಗ ಭತ್ಯೆ ಪಡೆಯುವ ಪದವೀಧರರು ಎದುರಿಗೆ ಕೂತಿದ್ದರು. ಆ ಭತ್ಯೆಯಿಂದ ಆದದ್ದೇನು, ಆಗದ್ದೇನು ಎಂದು ಅವರನ್ನೇ ಕೇಳಿ ವರದಿ ಬರೆದವಳು ಮೈತ್ರೇಯಿ. ಸರ್ಕಾರಕ್ಕೆ ಒಪ್ಪಿಸುವ ಮೊದಲು ಅವರಿಗೇ ಓದಿ ಹೇಳುವುದು ಅವಳ ಪದ್ಧತಿ. ಅಧಿಕಾರಿಯ ಮಾತು ಸುಳ್ಳಲ್ಲ ಎಂಬುದೇ ಅವಳನ್ನು ಹಿಂಡುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದಳು.

ಆದರೂ ಆ ಪ್ಯಾರಾವನ್ನೂ ಅದರ ಹಿಂದಿನದನ್ನೂ ಗಟ್ಟಿಯಾಗಿ ಓದಿದಳು. ಭತ್ಯೆ ಬಂದಮೇಲೆ ಜನ ಸೋಮಾರಿಗಳಾಗಲಿಲ್ಲ, ಮೊದಲಿಗಿಂತ ಹೆಚ್ಚು ಕಡೆ ಕೆಲಸ ಹುಡುಕಿದರು. ಆದರೆ ಅದರ ಜೊತೆಗೆ ಕೊಟ್ಟ ತರಬೇತಿಯಿಂದ ಹೆಚ್ಚಿನವರಿಗೆ ಕೆಲಸ ಸಿಗಲಿಲ್ಲ.

“ಎರಡನೇದು ಇದ್ದರೆ ಭತ್ಯೆ ನಿಲ್ಲಬಹುದು. ತೆಗೆಯಲಾ? ನೀವೇ ಹೇಳಿ.”

“ತೆಗೆಯೋದಾದ್ರೆ ಮೊದಲನೇದು ತೆಗೀರಿ,” ಮುಂದಿನ ಸಾಲಿನಿಂದ ಮನೋಹರ್ ಎದ್ದ. ಧರಣಿಗಳಲ್ಲಿ ಕೂಗಿ ಕೂಗಿ ಗಂಟಲು ಒಡೆದುಕೊಂಡವನು. “ಸರ್ಕಾರದೋರು ಅದನ್ನ ಫ್ಲೆಕ್ಸ್ ಮಾಡಿ ಊರೆಲ್ಲಾ ಕಟ್ಕೊತಾರೆ.”

“ಕೂತ್ಕೊ ಗುರು,” ಹಿಂದಿನ ಸಾಲಿನಿಂದ ರಕ್ಷಿತಾಳ ದನಿ ಬಂತು. “ಆ ದುಡ್ಡು ಬರೋಕೆ ಮುಂಚೆ ಇಂಟರ್‌ವ್ಯೂಗೆ ಹೋಗೋಕೆ ನಿಂಗೆ ಬಸ್ ಚಾರ್ಜಿತ್ತಾ?”

ಜನ ನಕ್ಕರು. ಮನೋಹರನೂ ನಗುತ್ತ ಕೂತ. ರಕ್ಷಿತಾ ಮೈತ್ರೇಯಿಯತ್ತ ತಿರುಗಿದಳು. “ಎರಡೂ ಇರ್ಲಿ ಮೇಡಂ.”

“ಭತ್ಯೆ ನಿಂತುಹೋದರೆ?”

“ನಮ್ಮಮ್ಮನ ಮಾತ್ರೆ ಬರ್ತಿರೋದೇ ಅದ್ರಲ್ಲಿ. ಗೊತ್ತಿದ್ದೇ ಹೇಳ್ತಿದೀನಿ. ನಿಲ್ಸಿದ್ರೆ ಬೀದೀಲಿ ಕೂತು ಕೇಳ್ತೀವಿ. ಸುಳ್ಳಿನ ಮೇಲೆ ಕೂತು ಹೆಂಗೆ ಕೇಳೋದು? ನಮ್ಮ ಹಿಂದೆ ಬರೋ ಹುಡುಗೀರೂ ಅದೇ ತರಬೇತೀಲಿ ವರ್ಷ ಕಳ್ಕೊಬೇಕಾ?”

“ಇರ್ಲಿ ಅನ್ನೋರು ಕೈ ಎತ್ತಿ,” ಎಂದರು ಬದರೀನಾರಾಯಣ, ಒಣಗಿದ ದನಿಯಲ್ಲಿ.

ಮೊದಲು ರಕ್ಷಿತಾಳ ಕೈ. ಆಮೇಲೆ ಮನೋಹರನದು. ಆಮೇಲೆ ಸಾಲು ಸಾಲಾಗಿ, ಇಂಟರ್‌ವ್ಯೂಗೆಂದೇ ಇಸ್ತ್ರಿ ಮಾಡಿಟ್ಟ ಅಂಗಿಗಳ ತೋಳುಗಳು ಮೇಲೆದ್ದವು. ಕಳೆದುಕೊಳ್ಳುವವರೂ ಇವರೇ, ಕೈ ಎತ್ತುತ್ತಿರುವವರೂ ಇವರೇ. ಮೈತ್ರೇಯಿ ಪಕ್ಕಕ್ಕೆ ನೋಡಿದರೆ, ಬದರೀನಾರಾಯಣರ ಕೈ ಕೂಡ ಅವರಿಗೇ ತಿಳಿಯದಂತೆ ಗಲ್ಲದವರೆಗೆ ಏರಿ ನಿಂತಿತ್ತು.

ಏಳದೆ ಉಳಿದದ್ದು ಒಂದೇ ಕೈ. ಆ ಎರಡನೇ ಪ್ಯಾರಾದ ಮೇಲೆ ಪೆನ್ನು ಹಿಡಿದಿದ್ದ ಅವಳದೇ ಕೈ.