ದಿಂಬಿನಡಿಯ ಕಬ್ಬಿಣ

ಹೆರಿಗೆಯಾಗಿ ಒಂಬತ್ತು ದಿನವಾಗಿತ್ತು. ಕಾರಣವೇ ಇಲ್ಲದೆ ನನಗೆ ಅಳು ಬರುತ್ತಿತ್ತು. "ಹಾರ್ಮೋನು ಏರುಪೇರಾಗಿದೆ. ಚೆನ್ನಾಗಿ ತಿನ್ನಿ, ನಿದ್ದೆ ಮಾಡಿ" ಎಂದರು ಡಾಕ್ಟರು. ನಿದ್ದೆ ಬರದಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲ.

ಅಮ್ಮ ಬಾಣಂತನದಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಂತ್ಯದ ಗಂಜಿ, ಕಿವಿಗೆ ಹತ್ತಿ. ಸೊಪ್ಪನ್ನು ಮಾತ್ರ ಪಕ್ಕದ ಮನೆಯಲ್ಲಿ ಹೆಚ್ಚಿಕೊಂಡು ಬರುತ್ತಿದ್ದಳು. ಯಾಕೆಂದು ಕೇಳುವಷ್ಟು ತ್ರಾಣ ನನಗಿರಲಿಲ್ಲ.

ಮಗು ನೋಡಲು ಬಂದ ನನ್ನ ಅತ್ತೆ ದಿಂಬು ಎತ್ತಿ ನೋಡಿ ಹೌಹಾರಿದರು.

"ಅಲ್ಲಾ ಬೀಗ್ರೇ, ಬಾಣಂತಿ ದಿಂಬಿನ ಕೆಳಗೆ ಕಬ್ಬಿಣ ಇಟ್ಟಿಲ್ವಾ? ಗಾಳಿ ಸೋಕಿರೋದಕ್ಕೇ ಇವಳು ಹೀಗೆ ಅಳ್ತಿರೋದು!"

ಹಿತ್ತಿಲಿನಿಂದ ತಾವೇ ಕುಡುಗೋಲು ಹುಡುಕಿ ತಂದು ದಿಂಬಿನಡಿ ಇಟ್ಟರು.

ಅವರು ಹೊರಟದ್ದೇ ತಡ, ಅಮ್ಮ ಅದನ್ನು ತೆಗೆದಳು. ನಾನು ಅವಳ ಕೈ ಹಿಡಿದೆ.

"ಇರ್ಲಿ ಬಿಡಮ್ಮ, ನಂಗೆ ಭಯ ಆಗ್ತಿದೆ. ಮಗೂಗೆ ಏನಾದ್ರೂ ಆದ್ರೆ?"

"ಬೇಡ."

"ನಿನ್ನ ಬಾಣಂತನದಲ್ಲಿ ಅಜ್ಜಿ ಇಟ್ಟಿರ್ಲಿಲ್ವಾ?"

"ಇಟ್ಟಿದ್ರು."

"ಮತ್ತೆ?"

ಅಮ್ಮ ಕುಡುಗೋಲನ್ನು ಸೆರಗಿನಲ್ಲಿ ಸುತ್ತಿಕೊಂಡಳು. ನನ್ನ ಮುಖ ನೋಡಲಿಲ್ಲ.

"ನಿಂಗಾಗ ಹನ್ನೊಂದು ದಿನ. ನಾನೂ ಹೀಗೇ ಅಳ್ತಿದ್ದೆ. ನಿಮ್ಮಜ್ಜಿ ಓಡಿ ಬಂದು ಅದನ್ನ ನನ್ನ ಕೈಯಿಂದ ಕಿತ್ಕೊಂಡಾಗ, ನೀನು ತೊಟ್ಟಿಲಲ್ಲಿ ನಿದ್ದೇಲೇ ನಗ್ತಿದ್ದೆ."