ಮಸುಕು ಚಿತ್ರ

ಬದುಕಿರುವ ಜೀವಕೋಶದ ಒಳಗನ್ನು ಎಕ್ಸ್-ರೇ ಸೂಕ್ಷ್ಮದರ್ಶಕದಲ್ಲಿ ಮೊದಲು ಸೆರೆಹಿಡಿದವರಿಗೆ ಜರ್ಮನಿಯ ಸಮ್ಮೇಳನಕ್ಕೆ ಹೋಗುವ ಅವಕಾಶವಿತ್ತು. ವಾರಿಜಾ ತೆಗೆದ ಚಿತ್ರ ಮಸುಕಾಗಿತ್ತು; ಜೊತೆಯ ಸಂಶೋಧಕಿ ನಾಗವೇಣಿಯದು ಕನ್ನಡಿಯಂತೆ ನಿಚ್ಚಳ. ವಾರಿಜಾಳ ಹೊಟ್ಟೆಗೆ ಕಿಚ್ಚು ಬಿತ್ತು.

"ಏನೇ, ನಿನ್ನ ಕೋಶಕ್ಕೆ ಮಂಜು ಕವಿದಿದೆಯಾ?" ಎಂದು ನಕ್ಕು ನಾಗವೇಣಿ ಊಟಕ್ಕೆ ಹೋದದ್ದೇ ತಡ, ವಾರಿಜಾ ಎರಡೂ ಚಿತ್ರಗಳ ಹೆಸರಿನ ಚೀಟಿಗಳನ್ನು ಅದಲುಬದಲು ಮಾಡಿ ಅಂಟಿಸಿದಳು.

ಸಂಜೆ ಪ್ರೊಫೆಸರು ನಿಚ್ಚಳ ಚಿತ್ರವನ್ನು ಪಕ್ಕಕ್ಕಿಟ್ಟರು. "ಕಿರಣ ತಾಗಿದ ಕೂಡಲೇ ಈ ಕೋಶ ಸತ್ತಿದೆ. ಒಂಚೂರೂ ಅಲುಗಾಡಿಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಬಂದಿದೆ."

ಇನ್ನೊಂದನ್ನು ಎತ್ತಿಕೊಂಡಾಗ ಅವರ ಮುಖ ಅರಳಿತು. "ಇದು ನೋಡಿ, ಮಿಸುಕಾಡಿದೆ! ಜೀವ ಇದೆ ಇದಕ್ಕೆ!"

ವಾರಿಜಾ ಬಾಯಿ ತೆರೆಯುವಷ್ಟರಲ್ಲಿ ಅವರು ಚೀಟಿ ಓದಿಯಾಗಿತ್ತು. "ಶಾಭಾಷ್, ನಾಗವೇಣಿ!"