ಆರನೆಯ ಪರದೆ

ಕಿವಿಯ ಹಿಂದೆ ತಟ್ಟಿದರೆ ತಲೆಯೊಳಗಿನ ಪರದೆ ಬದಲಾಗುತ್ತಿತ್ತು. ಗದಗಿನ ಎಲ್ಲರಂತೆ ಸುಮಂಗಲಾಳಿಗೂ ಆರು ಪರದೆಗಳಿದ್ದವು. ಒಂದರಲ್ಲಿ ಅತ್ತೆಗೆ ಹೂಂಗುಟ್ಟುತ್ತ, ಎರಡರಲ್ಲಿ ಶಾಲೆಯ ಪಾಠ ಸಿದ್ಧಮಾಡುತ್ತ, ಮೂರರಲ್ಲಿ ಗಂಡನ ಮೇಲಿನ ಸಿಟ್ಟನ್ನು ಸಣ್ಣ ಉರಿಯಲ್ಲಿಟ್ಟುಕೊಂಡು ಅವಳು ರೊಟ್ಟಿ ಬಡಿಯುತ್ತಿದ್ದಳು. ನಾಲ್ಕು, ಐದರಲ್ಲಿ ಹಾಲು, ಗ್ಯಾಸು, ಮಗಳ ಪರೀಕ್ಷೆ. ಆರನೆಯದು ಮಾತ್ರ ಅವಳದೇ. ಅಲ್ಲಿ ಅತ್ತೆಯ ನಡಿಗೆಯನ್ನೂ ಗೊರಕೆಯನ್ನೂ ಅಣಕಿಸಿ ಒಬ್ಬಳೇ ನಗುತ್ತಿದ್ದಳು.

ಅಂದು ವರ್ಷದ ತಪಾಸಣೆ. ತಪಾಸಣೆ ಕಚೇರಿಯ ಶಮೀಮ್ ಪೆಟ್ಟಿಗೆ ತಂದು, ಸುಮಂಗಲಾಳ ಕತ್ತಿನ ಹಿಂದಿನ ಸೀರಿಯಲ್ ಪೋರ್ಟ್ ಎಂಬ ಕಿಂಡಿಗೆ ತಂತಿ ಸಿಕ್ಕಿಸಿದಳು. ಒಳಗಿದ್ದದ್ದೆಲ್ಲ ಒಂದೊಂದೇ ಅಕ್ಷರವಾಗಿ ಪೆಟ್ಟಿಗೆಯ ಮೇಲೆ ಮೂಡತೊಡಗಿತು. ಅದನ್ನು ಮನೆಯ ಹಿರಿಯರು ಕೂತು ಓದಬೇಕೆಂಬುದು ಪದ್ಧತಿ. ಅತ್ತೆ ಗಂಗವ್ವ ಕನ್ನಡಕ ಒರೆಸಿಕೊಂಡು ಕೂತಿದ್ದರು.

ಮೂರನೆಯದನ್ನು ಓದಿ, “ನನ್ನ ಮಗನ ಮ್ಯಾಲಿನ ಸಿಟ್ಟು ಬರೋಬ್ಬರಿ ಐತಿ” ಎಂದರು. ಐದೂ ಮುಗಿದವು.

“ಆರನೇದು ಬಾಳ ಜಾಗಾ ತಿಂದೈತ್ರಿ ಅಮ್ಮಾರ. ತಗದು ತೋರಸ್ಲೇನ್ರಿ?” ಎಂದಳು ಶಮೀಮ್.

“ತಗಿ, ತಗಿ.”

ಈ ಮನೆಯಲ್ಲಿ ಇನ್ನು ತನಗೆ ಅನ್ನ ನೀರು ಇಲ್ಲ ಎಂದುಕೊಂಡಳು ಸುಮಂಗಲಾ. ಪೆಟ್ಟಿಗೆಯ ಮೇಲೆ ‘ಅತ್ತಿ ಗೊರ’ ಎಂದು ಮೂಡಿತು.

ಗಂಗವ್ವ ತಂತಿಯನ್ನು ಕಿತ್ತೇಬಿಟ್ಟರು.

“ಯಾಕ್ರೀ ಅಮ್ಮಾರ?”

“ಇಕೀದು ಓದಿದ್ರ, ಮುಂದ ನಂದೂ ಓದಸ್ಬೇಕಲ್ಲ? ನಮ್ಮತ್ತಿ ಸತ್ತು ಮೂವತ್ತು ವರ್ಷಾತು. ನನ್ನ ಆರನೇದ್ರಾಗ ಇನ್ನೂ ಕುಂಟ್ಕೋತ ಅಡ್ಡಾಡ್ತಾಳ.”